ಟೈರು ಸಿಡಿದರೆ ಸೊಸೆಯ ಕಾಲ್ಗುಣವೇ?

ನಮ್ಮ ಚಿತ್ರದುರ್ಗದ ಕಡೆ ಈಗ ಗಂಡಿನ ಮನೆಯವರ ಅಂತಸ್ತನ್ನು ಅವರ ಗಾಡಿಯ ಎತ್ತರದಿಂದ ಅಳೆಯುತ್ತಾರೆ. ಹಿಂದೆ ತೋಟ ಎಷ್ಟು ಎಕರೆ, ಬೋರ್‌ವೆಲ್‌ನಲ್ಲಿ ಎಷ್ಟು ಇಂಚು ನೀರು ಎಂದು ವಿಚಾರಿಸುತ್ತಿದ್ದರು. ಈಗ "ಯಾವ ಗಾಡಿ ಇಟ್ಟಿದಾರೆ?" ಎಂಬ ಪ್ರಶ್ನೆ ಮೊದಲು ಬರುತ್ತದೆ. ಹೊಸದುರ್ಗದಲ್ಲಿ ಕೊಬ್ಬರಿಗೆ, ಹೊಳಲ್ಕೆರೆಯಲ್ಲಿ ಅಡಿಕೆಗೆ ಒಳ್ಳೆಯ ರೇಟು ಸಿಕ್ಕಿದ ವರ್ಷ ಮನೆಯ ಮುಂದೆ ಒಂದು ದೊಡ್ಡ ಗಾಡಿ ಬಂದು ನಿಲ್ಲುತ್ತದೆ. ಥಾರ್ ಆದರೆ ಕಾಲೇಜು ಹುಡುಗರು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಫಾರ್ಚೂನರ್ ಆದರೆ ಬೀದಿಗೆ ಬೀದಿಯೇ ಒಂದು ವಾರ ಅದರ ಮಾತೇ ಆಡುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಮಳೆಯನ್ನು ನಂಬಿ, ಸಾಲವನ್ನು ನಂಬಿ, ಬೆನ್ನು ಬಾಗಿಸಿ ದುಡಿದವರು ತಮಗೆ ಬೇಕಾದದ್ದನ್ನು ಕೊಳ್ಳಲಿ.

ನನ್ನ ತಕರಾರು ಇರುವುದು ಗಾಡಿಯ ಮೇಲಲ್ಲ, ಆ ಗಾಡಿಯ ಜೊತೆಗೇ ಮನೆಯೊಳಗೆ ಕಾಲಿಡುವ ಒಂದು ಮಾತಿನ ಮೇಲೆ. "ಫೋರ್ ವೀಲ್ ಡ್ರೈವ್ ಇದು ಮೇಡಂ, ಏನೂ ಆಗಲ್ಲ ಬಿಡ್ರಿ" ಎನ್ನುವ ಮಾತು. ಈ ಮಾತನ್ನು ನಾನು ಹಿರಿಯೂರಿನ ಮದುವೆ ಛತ್ರದಲ್ಲಿ ಕೇಳಿದ್ದೇನೆ, ಹೊಳಲ್ಕೆರೆಯ ಬಯಲು ಗಣಪತಿಯ ಮುಂದೆ ಹೊಸ ಗಾಡಿಗೆ ಪೂಜೆ ಮಾಡಿಸುವವರ ಬಾಯಲ್ಲಿ ಕೇಳಿದ್ದೇನೆ. ಈಗ ಸಾಗರದಾಚೆಯ ಮಾಂಟ್ರಿಯಲ್‌ನಿಂದಲೂ ಕೇಳಿಬಂತು. ನಾನು ಬಿ.ಎ., ಬಿ.ಎಡ್. ಓದಿ ಸಮಾಜ ವಿಜ್ಞಾನ ಕಲಿಸುವ ಟೀಚರು, ಮೆಕ್ಯಾನಿಕ್ಕಳಲ್ಲ. ಆದರೆ ಸುಳ್ಳು ಮಾತಿಗೆ ಕೆಂಪು ಮಸಿಯಲ್ಲಿ ಗೀಟು ಎಳೆಯುವುದು ನನ್ನ ಕಸುಬು. ಈ ಮಾತಿಗೂ ಒಂದು ಗೀಟು ಎಳೆಯಲೇಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಮಾಂಟ್ರಿಯಲ್ ಮಾತು ಮೊದಲು ಹೇಳಿಬಿಡುತ್ತೇನೆ. ನನ್ನ ತಂಗಿಯ ಮಗಳು ಗಂಡನೊಂದಿಗೆ ಕೆನಡಾದ ಆ ಊರಿನಲ್ಲಿದ್ದಾಳೆ. ಅವರೂ ಅಲ್ಲಿ ಒಂದು ಭಾರಿ ಫೋರ್ ವೀಲ್ ಡ್ರೈವ್ ಗಾಡಿ ಕೊಂಡರು. ಚಳಿಗಾಲ ಹತ್ತಿರ ಬಂದಾಗ ಗಂಡ ಹೆಂಡಿರಲ್ಲಿ ಚರ್ಚೆ ಹುಟ್ಟಿತು. ಚಳಿಗಾಲಕ್ಕೆಂದೇ ಬೇರೆ ಟೈರು ಸಿಗುತ್ತವೆ, ನಾಲ್ಕನ್ನೂ ಹಾಕಿಸೋಣ ಎಂದು ಅವಳು. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುವ ಗಾಡಿಗೆ ಅದೆಲ್ಲ ದಂಡದ ಖರ್ಚು ಎಂದು ಅವನು. "ದೊಡ್ಡಮ್ಮಾ, ಇವರು ಇಂಜಿನಿಯರು, ನಾನು ಎದುರು ಮಾತಾಡಿದ್ರೆ ನಗ್ತಾರೆ, ನೀವೇ ಹೇಳಿ" ಎಂದು ಫೋನಿನಲ್ಲಿ ಪಂಚಾಯ್ತಿ ಕಟ್ಟೆ ಹತ್ತಿಸಿದಳು. ನಾನು ಎರಡು ದಿನ ಓದಿ, ಗೊತ್ತಿದ್ದವರನ್ನು ಕೇಳಿ, ಅವಳ ಪರವಾಗಿ ತೀರ್ಪು ಕೊಟ್ಟೆ. ಆ ತೀರ್ಪಿನ ಕಾರಣಗಳು ಹಿಮವನ್ನೇ ಕಾಣದ ನಮ್ಮ ಬಯಲುಸೀಮೆಗೂ ಬೇಕಾದವು.

ಅಡುಗೆಮನೆಯ ಉದಾಹರಣೆ ಕೊಡುತ್ತೇನೆ. ಕೊಬ್ಬರಿ ಎಣ್ಣೆ ಬೇಸಿಗೆಯಲ್ಲಿ ನೀರಿನ ಹಾಗಿರುತ್ತದೆ, ಮಾರ್ಗಶಿರದ ಚಳಿಗೆ ಸೀಸೆಯಲ್ಲಿ ಕಲ್ಲಾಗಿ ಕೂರುತ್ತದೆ. ರಬ್ಬರಿನದೂ ಅಂಥದೇ ಗುಣ. ಬಿಸಿ ರಸ್ತೆಗೆಂದು ಹದ ಮಾಡಿದ ರಬ್ಬರು ಚಳಿಯಲ್ಲಿ ಬಿಗಿದುಕೊಳ್ಳುತ್ತದೆ. ಸುಮಾರು 7 ಡಿಗ್ರಿಗಿಂತ ಕೆಳಗೆ ಸಾಧಾರಣ ಟೈರು ನೆಲವನ್ನು ಹಿಡಿಯುವ ಗುಣ ಕಳೆದುಕೊಳ್ಳುತ್ತ ಹೋಗುತ್ತದೆ ಎಂದು ತಯಾರಕರೇ ಹೇಳುತ್ತಾರೆ. ಚಳಿಗಾಲದ ಟೈರಿನ ರಬ್ಬರು ಅಂಥ ಚಳಿಯಲ್ಲೂ ನಾದಿದ ಹಿಟ್ಟಿನ ಹಾಗೆ ಮೆತ್ತಗಿರುತ್ತದೆ. ಅದರ ಮೈಮೇಲೆ ಬ್ಲೇಡಿನಿಂದ ಗೀರಿದಂಥ ನೂರಾರು ಸಣ್ಣ ಸೀಳುಗಳಿರುತ್ತವೆ. ಆ ಸೀಳುಗಳ ಅಂಚುಗಳು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಇದೇನೂ ನಿನ್ನೆ ಮೊನ್ನೆಯ ಹೊಸ ಫ್ಯಾಷನ್ನಲ್ಲ. ಫಿನ್ಲೆಂಡ್ ದೇಶದವರು 1934ರಲ್ಲಿಯೇ ಹಿಮದ ರಸ್ತೆಯ ಲಾರಿಗಳಿಗಾಗಿ ಇಂಥ ಟೈರು ಮಾಡಿದರು, 1936ರಲ್ಲಿ ಕಾರುಗಳಿಗೂ ತಂದರು.

ಹಾಗಾದರೆ ಫೋರ್ ವೀಲ್ ಡ್ರೈವ್ ಮಾಡುವ ಕೆಲಸವೇನು? ಎಂಜಿನ್ನಿನ ಬಲವನ್ನು ಎರಡು ಚಕ್ರಕ್ಕೆ ಬದಲು ನಾಲ್ಕಕ್ಕೂ ಹಂಚುತ್ತದೆ. ಗಾಡಿ ಕೆಸರಿನಿಂದ ಮೇಲೆದ್ದು ಬರಲು, ಹಿಮದ ಏರು ಹತ್ತಲು, ಹೊರಡಲು ಅದು ಬಹಳ ಉಪಯೋಗಿ. ಆದರೆ ನಿಲ್ಲಿಸುವಾಗ? ಬ್ರೇಕು ಆಲ್ಟೊ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ, ಫಾರ್ಚೂನರಿನಲ್ಲೂ ನಾಲ್ಕಕ್ಕೇ. ಆ ವಿಷಯದಲ್ಲಿ ಬಡವ ಬಲ್ಲಿದ ಭೇದವಿಲ್ಲ. ಬ್ರೇಕು ಚಕ್ರವನ್ನು ಹಿಡಿಯಬಹುದು, ನೆಲವನ್ನು ಹಿಡಿಯುವುದು ಟೈರು ಮಾತ್ರ. ಅದೂ ಎಷ್ಟು ಜಾಗದಲ್ಲಿ? ಒಂದೊಂದು ಟೈರು ನೆಲಕ್ಕೆ ತಾಗುವುದು ಹೆಚ್ಚುಕಡಿಮೆ ಒಂದು ಅಂಗೈ ಅಗಲ. ಎರಡು ಟನ್ ಮೀರಿದ ಗಾಡಿ, ಅದರೊಳಗೆ ಅಜ್ಜಿ, ಮೊಮ್ಮಕ್ಕಳು, ಹೊಸ ಸೀರೆ ಉಟ್ಟ ಸೊಸೆ, ಎಲ್ಲರ ಪ್ರಾಣ ಕೂತಿರುವುದು ನಾಲ್ಕು ಅಂಗೈ ರಬ್ಬರಿನ ಮೇಲೆ.

ಭಾರದ ಗಾಡಿಗೆ ನೆಲ ಬಿಗಿಯಾಗಿ ಸಿಗುತ್ತದೆ ಎಂಬುದು ಇನ್ನೊಂದು ವಾದ. ತುಂಬಿದ ಕೊಡ ಹೊತ್ತವಳು ಓಡುತ್ತಿರುವಾಗ ಥಟ್ಟನೆ ನಿಲ್ಲಬಲ್ಲಳೇ, ಖಾಲಿ ಕೊಡದವಳೇ? ಗಾಡಿ ಭಾರವಾದಷ್ಟೂ ತಡೆದು ನಿಲ್ಲಿಸಬೇಕಾದ ಶಕ್ತಿ ಹೆಚ್ಚು, ಟೈರಿನ ಮೇಲೆ ಬೀಳುವ ಹೊರೆ ಹೆಚ್ಚು. ವೇಗ ಇಮ್ಮಡಿಯಾದರೆ ಆ ಶಕ್ತಿ ನಾಲ್ಕು ಪಟ್ಟಾಗುತ್ತದೆಂದು ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುತ್ತಾರೆ. ಅದನ್ನು ಓದಿ ನೂರಕ್ಕೆ ತೊಂಬತ್ತು ತೆಗೆದ ಹುಡುಗರೇ ಮುಂದೆ ಹೈವೇಯಲ್ಲಿ ಅದನ್ನು ಮರೆಯುತ್ತಾರೆ.

ಕ್ವಿಬೆಕ್ ಸರ್ಕಾರಕ್ಕೆ ಇದು ಅರ್ಥವಾಗಿದೆ. ಮಾಂಟ್ರಿಯಲ್ ಇರುವ ಆ ಪ್ರಾಂತ್ಯದಲ್ಲಿ 2008ರಿಂದ ಚಳಿಗಾಲದ ಟೈರು ಕಡ್ಡಾಯ. ಮೊದಲು ಡಿಸೆಂಬರ್ 15ರಿಂದ ಎಂದಿತ್ತು, 2019ರಿಂದ ಡಿಸೆಂಬರ್ 1ಕ್ಕೇ ಶುರು, ಮಾರ್ಚ್ 15ರವರೆಗೆ. ಹಾಕಿಸದಿದ್ದರೆ 200ರಿಂದ 300 ಡಾಲರ್ ದಂಡ. ಫೋರ್ ವೀಲ್ ಡ್ರೈವ್ ಎಂದು ಆ ಕಾನೂನಿನಲ್ಲಿ ವಿನಾಯಿತಿ ಇಲ್ಲ. ಪರ್ವತದ ಚಿತ್ರದೊಳಗೆ ಹಿಮದ ಹರಳಿನ ಗುರುತು ಟೈರಿನ ಮೇಲಿರಬೇಕು, "ಎಲ್ಲ ಕಾಲಕ್ಕೂ ಆಗುತ್ತದೆ" ಎಂದು ಬರೆದಿದ್ದರೆ ಮಾತ್ರ ಸಾಲದು. ಎರಡು ಜೊತೆ ಟೈರೆಂದರೆ ಇಮ್ಮಡಿ ಖರ್ಚಲ್ಲವೇ ಎಂದು ನಮ್ಮ ಅಳಿಯ ಕೇಳಿದ. ಒಂದು ಜೊತೆ ಓಡುವಾಗ ಇನ್ನೊಂದು ಮೂಲೆಯಲ್ಲಿ ಮಲಗಿರುತ್ತದಲ್ಲಪ್ಪ, ಅದು ಸವೆಯುವುದಿಲ್ಲವಲ್ಲ, ಎರಡೂ ಇಮ್ಮಡಿ ಕಾಲ ಬರುತ್ತವೆ ಎಂದೆ. ರೇಷ್ಮೆ ಸೀರೆ, ವಾಯಲ್ ಸೀರೆ ಎರಡನ್ನೂ ಇಟ್ಟುಕೊಂಡು ಕಾಲಕ್ಕೆ ತಕ್ಕಂತೆ ಉಡುವ ಹೆಂಗಸರಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ.

ಅಷ್ಟು ದೂರ ಏಕೆ, ನಮ್ಮ ದೇಶದ ಮನಾಲಿಯನ್ನೇ ನೋಡಿ. ನಮ್ಮ ಜಿಲ್ಲೆಯ ಹುಡುಗರೂ ಈಗ ಥಾರ್ ಏರಿ ಅಲ್ಲಿಯವರೆಗೆ ಹೋಗುತ್ತಾರೆ. ಹಿಮ ಬಿದ್ದ ದಿನ ಅಟಲ್ ಸುರಂಗದ ಕಡೆಗೆ ಫೋರ್ ವೀಲ್ ಡ್ರೈವ್ ಗಾಡಿಗಳನ್ನು ಅಥವಾ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿಗಳನ್ನು ಮಾತ್ರ ಪೊಲೀಸರು ಬಿಡುವುದುಂಟು. ಇದನ್ನು ಕಂಡವರು ಫೋರ್ ವೀಲ್ ಡ್ರೈವ್ ಇದ್ದರೆ ಸರಿ, ಟೈರು ಯಾವುದಾದರೇನು ಎಂದುಕೊಳ್ಳುತ್ತಾರೆ. 2024ರ ಡಿಸೆಂಬರಿನಲ್ಲಿ ಸೋಲಂಗ್ ಮತ್ತು ಆ ಸುರಂಗದ ನಡುವೆ ಸುಮಾರು ಸಾವಿರ ಗಾಡಿಗಳು ಹಿಮದಲ್ಲಿ ಸಿಕ್ಕಿಬಿದ್ದವು. ಹತ್ತುವಾಗ ನಾಲ್ಕು ಚಕ್ರ ಎಳೆಯುತ್ತವೆ, ಇಳಿಯುವಾಗ ಬಯಲುಸೀಮೆಯ ಬಿಸಿಲಿಗೆಂದು ಮಾಡಿದ ಟೈರು ಹಿಮದ ಮೇಲೆ ಸಾಬೂನಿನ ಬಿಲ್ಲೆಯಂತೆ ಜಾರುತ್ತದೆ. ಆದ್ದರಿಂದ ಹಿಮದ ಊರಿನಲ್ಲಿ ಬದುಕುವ ನಮ್ಮವರಿಗೆ ನನ್ನ ಮಾತು ಒಂದೇ. ಗಾಡಿ ಎಷ್ಟೇ ದೊಡ್ಡದಿರಲಿ, ಚಳಿಗಾಲದ ಟೈರು ಹಾಕಿಸಿ. ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಈಗ ನಮ್ಮ ರಸ್ತೆಗೆ ಬರೋಣ. ನಮ್ಮಲ್ಲಿ ಡಿಸೆಂಬರಿನಲ್ಲೂ ಚಳಿ ಹತ್ತು ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ಏಪ್ರಿಲ್ ಬಂತೆಂದರೆ ನಲವತ್ತರ ಹತ್ತಿರದ ಬಿಸಿಲು, ಕೋಟೆಯ ಬಂಡೆಗಳು ರಾತ್ರಿಯವರೆಗೂ ಕಾವು ಉಗುಳುತ್ತವೆ. ಟಾರು ರಸ್ತೆಯ ಕಾವು ಗಾಳಿಯ ಕಾವಿಗಿಂತಲೂ ಎಷ್ಟೋ ಹೆಚ್ಚು. ಚಳಿಗಾಲದ ಆ ಮೆತ್ತನೆಯ ರಬ್ಬರನ್ನು ಇಲ್ಲಿಗೆ ತಂದರೆ ಬೇಗ ಸವೆದುಹೋಗುತ್ತದೆ, ಬ್ರೇಕು ಒತ್ತಿದರೆ ಗಾಡಿ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಇಲ್ಲಿಗೆ ಅದು ಬೇಡವೇ ಬೇಡ. ಆದರೆ ಊರಿಗೆ ತಕ್ಕ, ಕಾಲಕ್ಕೆ ತಕ್ಕ ಟೈರು ಇರಬೇಕು ಎಂಬ ತತ್ವ ನಮಗೂ ಅನ್ವಯಿಸುತ್ತದಲ್ಲ? ಅದನ್ನು ನಾವು ಪಾಲಿಸುತ್ತಿದ್ದೇವೆಯೇ?

ಇಲ್ಲ. ನಮ್ಮಲ್ಲಿ ಟೈರು ಎಂದರೆ ಎರಡೇ ಭಾವ. ಒಂದು, ಅಲಂಕಾರ. ಇನ್ನೊಂದು, ಅಸಡ್ಡೆ.

ಅಲಂಕಾರದವರು ಕಂಪನಿ ಕೊಟ್ಟ ಟೈರು ತೆಗೆಸಿ, ಬಟನ್ ಎದ್ದು ಕಾಣುವ ದಪ್ಪನೆಯ ಕೆಸರಿನ ಟೈರು ಹಾಕಿಸುತ್ತಾರೆ. ಗಾಡಿ ರಾಕ್ಷಸನಂತೆ ಕಾಣಬೇಕು, ಅಷ್ಟೇ. ಅಂಥ ಟೈರು ಗದ್ದೆಯ ಕೆಸರಿಗೆ, ಕಾಡು ದಾರಿಗೆ ಮಾಡಿದ್ದು. ಒದ್ದೆಯಾದ ಟಾರು ರಸ್ತೆಯಲ್ಲಿ ಅದರ ಹಿಡಿತ ಕಡಿಮೆ, ಡೀಸೆಲ್ ಹೆಚ್ಚು ಕುಡಿಯುತ್ತದೆ, ಗುಂಯ್ ಎಂದು ಸದ್ದು ಮಾಡುತ್ತದೆ. ನಮ್ಮ ಗಾಡಿಗಳು ಬಹುಪಾಲು ಓಡುವುದಾದರೂ ಎಲ್ಲಿ? ಹಿರಿಯೂರು, ಚಿತ್ರದುರ್ಗಗಳನ್ನು ದಾಟಿ ಬೆಂಗಳೂರಿನಿಂದ ಪುಣೆಯ ಕಡೆಗೆ ಹೋಗುವ ಹೈವೇಯಲ್ಲಿ. ನಾವು ಇಂದಿಗೂ ಎನ್.ಎಚ್. ನಾಲ್ಕು ಎನ್ನುವ ಆ ರಸ್ತೆಗೆ ಈಗ 48ರ ಸಂಖ್ಯೆ. ಗುಯಿಲಾಳು ಟೋಲಿನಲ್ಲಿ ದುಡ್ಡು ಕಟ್ಟಿ ನುಣ್ಣನೆಯ ರಸ್ತೆಯಲ್ಲಿ ಓಡಿಸುವವರಿಗೆ ಕೆಸರಿನ ಟೈರು ಏತಕ್ಕೆ? ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಇಂಥವರಿಗೇ ಹುಟ್ಟಿರಬೇಕು. ಕಂಪನಿ ಮಾಡಿಕೊಟ್ಟ ರೂಪಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ಹೇಳುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿದಿದೆ. ಗಾಡಿಯ ಕಮಾನಿನಿಂದ ಹೊರಕ್ಕೆ ಚಾಚುವ ಟೈರು ಹಾಕಿಸಿದವರು ನಾಳೆ ವಿಮೆಯವರ ಮುಂದೆ ಏನು ಉತ್ತರ ಹೇಳುತ್ತಾರೆ?

ಇನ್ನೊಂದು ತಮಾಷೆ ಕೇಳಿ. ನಮ್ಮ ಬೀದಿಗಳಲ್ಲಿ ಮೀಸೆ ತಿರುವುವ ಎಷ್ಟೋ ಫಾರ್ಚೂನರ್, ಥಾರ್‌ಗಳು ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬಲ ಹೋಗುವಂಥವು. ನಿಜವಾದ ಫೋರ್ ವೀಲ್ ಡ್ರೈವ್ ಥಾರ್ ಕೂಡ ಹೈವೇಯಲ್ಲಿ ಎರಡು ಚಕ್ರದ ಬಲದಲ್ಲೇ ಓಡುತ್ತಿರುತ್ತದೆ, ಸಣ್ಣ ಲಿವರ್ ಎಳೆದಾಗ ಮಾತ್ರ ನಾಲ್ಕಕ್ಕೂ ಬಲ ಬರುತ್ತದೆ. ಒಣಗಿದ ಟಾರು ರಸ್ತೆಯಲ್ಲಿ ಆ ಲಿವರ್ ಎಳೆಯಲೂಬಾರದು. ಅಂದಮೇಲೆ "ಏನೂ ಆಗಲ್ಲ" ಎಂಬ ಧೈರ್ಯ ಯಾವ ಚಕ್ರದ ಮೇಲೆ ನಿಂತಿದೆ?

ಎರಡನೆಯದು ಅಸಡ್ಡೆ. ಇದೇ ಹೆಚ್ಚು ಅಪಾಯದ್ದು. ಆಯುಧಪೂಜೆಯ ದಿನ ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಡುತ್ತೇವೆ. ಬೂದುಗುಂಬಳ ಒಡೆಯುತ್ತೇವೆ. ಮುಂದೆ ಮೆಣಸಿನಕಾಯಿ ಸರ, ಹಿಂದೆ ಕರಿಯ ದಾರ. ನಿಂಬೆಹಣ್ಣು ಇಡಲು ಬಗ್ಗಿದವರ ಮೂಗಿನಿಂದ ಒಂದು ಗೇಣು ದೂರದಲ್ಲಿ ಟೈರು ಇರುತ್ತದೆ. ಯಾರೂ ನೋಡುವುದಿಲ್ಲ. ನನ್ನ ಅಜ್ಜ ಎತ್ತಿನ ಗಾಡಿ ಹೂಡುವ ಮುಂಚೆ ಪ್ರತಿಸಲವೂ ಕೀಲೆಣ್ಣೆ ಹಾಕುತ್ತಿದ್ದರು, ಗಾಲಿಯ ಪಟ್ಟಿ ಸಡಿಲವಾಗಿದೆಯೇ ಎಂದು ಕಲ್ಲಿನಿಂದ ತಟ್ಟಿ ನೋಡುತ್ತಿದ್ದರು. ಗಂಟೆಗೆ ಮೂರು ಮೈಲಿ ಹೋಗುವ ಗಾಡಿಗೆ ಅಷ್ಟು ಜೋಪಾನ. ಗಂಟೆಗೆ ನೂರು ಕಿಲೋಮೀಟರ್ ಹೋಗುವುದಕ್ಕೆ ನಿಂಬೆಹಣ್ಣು ಸಾಕು!

ಗಾಳಿಯ ವಿಷಯ ತೆಗೆದುಕೊಳ್ಳಿ. ಗಾಳಿ ಕಡಿಮೆಯಿದ್ದ ಟೈರು ಉರುಳುವಾಗ ಅದರ ಪಕ್ಕೆ ಪ್ರತಿ ಸುತ್ತಿಗೂ ಮಡಿಚಿ ಬಿಚ್ಚುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಿಸಿಯಾಗಿ ತುಂಡಾಗುವುದನ್ನು ಕಂಡಿದ್ದೀರಲ್ಲ, ಅದೇ ರೀತಿ. ಮೇಲೆ ಬೇಸಿಗೆಯ ಬಿಸಿಲು, ಕೆಳಗೆ ಕಾದ ಟಾರು, ಒಳಗೆ ಮಡಿಚುವ ಕಾವು, ಗಾಡಿಯ ತುಂಬ ಹತ್ತು ಜನ, ತಲೆಯ ಮೇಲೆ ಎರಡು ಮೂಟೆ ತೆಂಗಿನಕಾಯಿ. ಟೈರು ಸಿಡಿಯದೆ ಏನು ಮಾಡಬೇಕು?

ಮಳೆಯ ಮಾತು ಬೇರೆ. ನಮ್ಮದು ಮಳೆ ಕಡಿಮೆಯ ಜಿಲ್ಲೆ, ಬೋಳು ಟೈರಾದರೂ ನಡೆಯುತ್ತದೆ ಎಂಬ ಭಾವನೆ ಉಂಟು. ತಿಂಗಳುಗಟ್ಟಲೆ ಒಣಗಿದ ರಸ್ತೆಯ ಮೇಲೆ ಧೂಳು, ಲಾರಿಗಳ ಎಣ್ಣೆ ಕೂತಿರುತ್ತದೆ. ಭರಣಿ ಮಳೆಯ ಮೊದಲ ಹನಿಗಳು ಬಿದ್ದಾಗ ಅದೆಲ್ಲ ಸೇರಿ ಲೋಳೆಯಾಗುತ್ತದೆ. ಇನ್ನು ನೀರು ನಿಂತರೆ ಅದನ್ನು ಪಕ್ಕಕ್ಕೆ ಚೆಲ್ಲುವ ಕಾಲುವೆಗಳೇ ಟೈರಿನ ಪಟ್ಟೆಗಳು. ಕಾಲುವೆ ಹೂತುಹೋದರೆ ಟೈರು ನೆಲವನ್ನು ಬಿಟ್ಟು ನೀರಿನ ಮೇಲೆ ತೇಲುತ್ತದೆ, ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ಮಳೆ ಎಂದೂ ಬಾರದೆಂದು ಯಾರೂ ಹೇಳಲಾರರು. 1933ರಲ್ಲಿ ತುಂಬಿದ್ದ ನಮ್ಮ ವಾಣಿವಿಲಾಸ ಸಾಗರ 2022ರಲ್ಲಿ ಮತ್ತೆ ಕೋಡಿ ಬಿತ್ತಲ್ಲ! ಎಂಬತ್ತೊಂಬತ್ತು ವರ್ಷ ಬಾರದ ನೀರು ಬಂದಿತು. ಒಂದು ಸಂಜೆಯ ಮಳೆ ಬರಲಾರದೇ?

ಇಷ್ಟನ್ನೆಲ್ಲ ನಾನು ಸಿಟ್ಟಿನಿಂದ ಬರೆಯಲು ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಸಂಗತಿ ಅದು. ಹೆಸರು, ಊರು ಬೇಡ. ಮದುವೆಯಾಗಿ ಎಂಟು ತಿಂಗಳಾಗಿತ್ತು. 2024ರ ಮೇ ತಿಂಗಳಲ್ಲಿ ಗಂಡನ ಮನೆಯವರೆಲ್ಲ ದೇವರ ಕಾರ್ಯಕ್ಕೆಂದು ತಮ್ಮ ದೊಡ್ಡ ಗಾಡಿಯಲ್ಲಿ ಹೊರಟಿದ್ದರು. ಹಿರಿಯೂರು ದಾಟಿದ ಮೇಲೆ ಮಧ್ಯಾಹ್ನದ ಉರಿಬಿಸಿಲಿನಲ್ಲಿ ಹಿಂದಿನ ಟೈರು ಸಿಡಿಯಿತು. ಗಾಡಿ ಎರಡು ಸುತ್ತು ಉರುಳಿತು. ಇಪ್ಪತ್ತೆರಡು ವರ್ಷದ ಮೈದುನ ಹೋದ. ಇವಳ ತೋಳು ಮುರಿದಿತ್ತು.

ಹದಿಮೂರನೆಯ ದಿನ ಮುಗಿಯುವ ಮೊದಲೇ ಆ ಮನೆಯಲ್ಲಿ ಮಾತು ಹುಟ್ಟಿತು. "ಇವಳು ಕಾಲಿಟ್ಟ ಗಳಿಗೆ ಸರಿಯಿಲ್ಲ." ಆಮೇಲೆ ಅದು ಇವಳ ಮುಂದೆಯೇ ಆಡುವ ಮಾತಾಯಿತು. ಕೊನೆಗೆ ತೋಳಿಗೆ ಪಟ್ಟಿ ಕಟ್ಟಿದ್ದಂತೆಯೇ ತವರಿಗೆ ಕಳಿಸಿದರು. ಅವಳು ನನ್ನ ಮನೆಗೆ ಬಂದು ಕೇಳಿದ್ದು ಒಂದೇ ಪ್ರಶ್ನೆ, "ಟೀಚರ್, ಕಾಲ್ಗುಣ ಅನ್ನೋದು ನಿಜವಾ?"

ನಾನು ಅವಳಿಗೆ ಪುರಾಣ ಹೇಳಲಿಲ್ಲ. ಟೈರಿನ ಫೋಟೋ ಇದೆಯೇ ಎಂದು ಕೇಳಿದೆ. ಅವಳ ತಮ್ಮ ಪೊಲೀಸ್ ಠಾಣೆಯ ಅಂಗಳದಲ್ಲಿ ನಿಲ್ಲಿಸಿದ್ದ ಗಾಡಿಯ ಫೋಟೋಗಳನ್ನು ತೆಗೆದಿದ್ದ. ಉಳಿದ ಮೂರು ಟೈರುಗಳಲ್ಲಿ ಎರಡು ಅಂಚುಗಳೂ ಸವೆದು ನುಣ್ಣಗಾಗಿದ್ದವು, ನಡುವೆ ಮಾತ್ರ ಪಟ್ಟೆ ಉಳಿದಿತ್ತು. ಬಹುಕಾಲ ಗಾಳಿ ಕಡಿಮೆಯಿಟ್ಟು ಓಡಿಸಿದ ಟೈರಿನ ಗುರುತು ಅದು. ಸಿಡಿದ ಟೈರಿನ ಪಕ್ಕೆಯ ಮೇಲೆ ಒಂದು ಉದ್ದ ಗುರುತಿನ ಕೊನೆಗೆ ನಾಲ್ಕು ಅಂಕಿಗಳಿದ್ದವು: 3216. ಮೊದಲೆರಡು ವಾರ, ಕೊನೆಯೆರಡು ವರ್ಷ. 2016ರ ಮೂವತ್ತೆರಡನೆಯ ವಾರ, ಅಂದರೆ ಆಗಸ್ಟಿನಲ್ಲಿ ತಯಾರಾದ ಟೈರು. ಸಿಡಿದ ದಿನ ಅದಕ್ಕೆ ಏಳು ವರ್ಷ ಒಂಬತ್ತು ತಿಂಗಳು. ಈ ಹುಡುಗಿ ಆಗ ನನ್ನ ತರಗತಿಯಲ್ಲಿ ಕೂತು ನಕ್ಷೆಯಲ್ಲಿ ವೇದಾವತಿ ನದಿ ಗುರುತಿಸುತ್ತಿದ್ದಳು. ಆ ಮನೆಯ ಹೊಸಿಲನ್ನು ಅವಳು ಕಂಡೇ ಇರಲಿಲ್ಲ. ಅಪಘಾತಕ್ಕೆ ಎರಡು ತಿಂಗಳ ಹಿಂದೆ ಅದೇ ಗಾಡಿಗೆ ಒಂದು ಲಕ್ಷ ಖರ್ಚು ಮಾಡಿ ಹಾಡಿನ ಸ್ಪೀಕರ್ ಕೂಡಿಸಿದ್ದರು.

ಸಾವು ಕಂಡ ಮನೆಯ ಸಂಕಟ ನನಗೆ ತಿಳಿಯದ್ದಲ್ಲ. ಮಗನನ್ನು ಕಳೆದುಕೊಂಡ ತಾಯಿ ಯಾರನ್ನಾದರೂ ಬೈಯಲೇಬೇಕು. ಆದರೆ ಬೈಗುಳ ಯಾವಾಗಲೂ ಮನೆಗೆ ಕೊನೆಯಲ್ಲಿ ಬಂದ ಹೆಣ್ಣಿನ ತಲೆಯ ಮೇಲೇ ಏಕೆ ಬೀಳಬೇಕು? ಟೈರು ಕೊಂಡವರು, ಗಾಳಿ ನೋಡಬೇಕಾಗಿದ್ದವರು, ಸ್ಟಿಯರಿಂಗ್ ಹಿಡಿದವರು ಗಂಡಸರು. ಟೈರಿಗೆ ಕೈಯನ್ನೇ ಹಚ್ಚದವಳ ಕಾಲು ಮಾತ್ರ ಅಪರಾಧಿ!

ಈ ವಿಷಯದಲ್ಲಿ ನ್ಯಾಯಾಲಯವೇ ಮಾತಾಡಿದೆ ಎಂಬುದನ್ನು ಓದುಗ ಸಹೋದರಿಯರು ತಿಳಿದಿರಬೇಕು. 2010ರಲ್ಲಿ ಪುಣೆಯಿಂದ ಮುಂಬೈಗೆ ಹೊರಟ ಕಾರೊಂದರ ಟೈರು ಸಿಡಿದು, ಕಾರು ಕಮರಿಗೆ ಬಿದ್ದು, ಅದರಲ್ಲಿದ್ದ ಒಬ್ಬರು ಸತ್ತರು. ಪರಿಹಾರ ಕೊಡಬೇಕಾಗಿದ್ದ ವಿಮಾ ಕಂಪನಿ, ಟೈರು ಸಿಡಿಯುವುದು ದೈವದ ಆಟ, ಅದಕ್ಕೆ ಯಾರೂ ಹೊಣೆಯಲ್ಲ ಎಂದು ವಾದಿಸಿತು. 2023ರಲ್ಲಿ ಬಾಂಬೆ ಹೈಕೋರ್ಟು ಆ ವಾದವನ್ನು ತಳ್ಳಿಹಾಕಿತು. ಭೂಕಂಪ, ಪ್ರವಾಹಗಳಂತೆ ಮನುಷ್ಯನ ಕೈಮೀರಿದ್ದು ದೈವದ ಆಟವಾದೀತು, ಟೈರು ಸಿಡಿಯುವುದು ಹಾಗಲ್ಲ, ಅದು ಮನುಷ್ಯನ ಅಲಕ್ಷ್ಯ ಎಂದಿತು. ಅತಿ ವೇಗ, ಗಾಳಿ ಕಡಿಮೆಯಾಗಿರುವುದು ಅಥವಾ ಹೆಚ್ಚಾಗಿರುವುದು, ಹಳೆಯ ಟೈರು ಕೊಂಡು ಹಾಕಿಸುವುದು, ಕಾವು ಎಂದು ಕಾರಣಗಳನ್ನೂ ಎಣಿಸಿತು. ಹೊರಡುವ ಮುಂಚೆ ಟೈರು ನೋಡಿಕೊಳ್ಳುವುದು ಓಡಿಸುವವನ ಕರ್ತವ್ಯ ಎಂದಿತು. ದೇವರ ಮೇಲೆ ಹಾಕಿದ ತಪ್ಪನ್ನೇ ಕೋರ್ಟು ಒಪ್ಪಲಿಲ್ಲ. ಸೊಸೆಯ ಕಾಲಿನ ಮೇಲೆ ಹಾಕಿದ್ದನ್ನು ನಾವೇಕೆ ಒಪ್ಪಬೇಕು? ಈ ತೀರ್ಪಿನ ಸಾರವನ್ನು ಕನ್ನಡದಲ್ಲಿ ಬರೆದು ಆ ಹುಡುಗಿಯ ಕೈಗೆ ಕೊಟ್ಟೆ. ಅವಳ ಮಾವ ಓದಿದರಂತೆ. ಅತ್ತೆ ಇನ್ನೂ ಕಾಗದ ಮುಟ್ಟಿಲ್ಲ. ಅವಳು ಇನ್ನೂ ತವರಿನಲ್ಲೇ ಇದ್ದಾಳೆ.

2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇವರೆಲ್ಲ ಟೈರಿನಿಂದಲೇ ಸತ್ತರೆಂದು ನಾನು ಹೇಳುವುದಿಲ್ಲ. ಆದರೆ ಆ ಒಂದೊಂದು ಮನೆಯಲ್ಲೂ ಒಬ್ಬ ಹೆಂಡತಿಯೋ ತಾಯಿಯೋ ಸೊಸೆಯೋ ಉಳಿದಿರುತ್ತಾಳೆ. ಗಾಡಿ ಗಂಡಸರದು, ವೈಧವ್ಯ ನಮ್ಮದು. ಹಾಗಿರುವಾಗ ಟೈರಿನ ಮಾತು ಗಂಡಸರ ಮಾತು ಎಂದು ನಾವು ಒಳಮನೆಗೆ ಹೋಗುವುದು ಎಂಥ ಜಾಣತನ? ಗ್ಯಾಸ್ ಸಿಲಿಂಡರ್ ಬಂದರೆ ವಾಷರ್ ನೋಡುತ್ತೇವೆ. ಕುಕ್ಕರಿನ ರಬ್ಬರು ಸಡಿಲವಾದರೆ ಸದ್ದಿನಲ್ಲೇ ಗುರುತಿಸುತ್ತೇವೆ. ನಾಲ್ಕು ಟೈರು ನೋಡುವುದು ಅದಕ್ಕಿಂತ ಕಷ್ಟವೇನಲ್ಲ.

ಏನು ನೋಡಬೇಕೆಂದು ಹೇಳುತ್ತೇನೆ. ಟೈರಿನ ಪಕ್ಕೆಯ ಮೇಲಿನ ನಾಲ್ಕು ಅಂಕಿ ಓದಿ. ಐದು ವರ್ಷ ದಾಟಿದ್ದರೆ ಪ್ರತಿವರ್ಷ ತಿಳಿದವರಿಗೆ ತೋರಿಸಬೇಕು. ಪಟ್ಟೆ ಎಷ್ಟೇ ಚೆನ್ನಾಗಿರಲಿ, ಹತ್ತು ವರ್ಷದ ಟೈರನ್ನು ಇಟ್ಟುಕೊಳ್ಳಲೇಬಾರದು. ಮದುವೆ, ಜಾತ್ರೆಗೆ ಮಾತ್ರ ಹೊರಗೆ ಬಂದು ಉಳಿದ ದಿನ ಬಿಸಿಲಲ್ಲಿ ನಿಲ್ಲುವ ಗಾಡಿಗಳ ಟೈರು ನೋಡಲು ಹೊಸದರಂತಿದ್ದರೂ ಪಕ್ಕೆಯಲ್ಲಿ ಒಡೆದ ಹಿಮ್ಮಡಿಯಂತೆ ಬಿರುಕು ಬಿಟ್ಟಿರುತ್ತದೆ. ಎರಡನೆಯದಾಗಿ, ಪಟ್ಟೆಗಳ ನಡುವಿನ ಕಾಲುವೆಯಲ್ಲಿ ಅಲ್ಲಲ್ಲಿ ಒಂದು ಸಣ್ಣ ದಿಬ್ಬ ಇರುತ್ತದೆ. ಟೈರು ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಅದರ ಆಯುಸ್ಸು ಮುಗಿಯಿತು. ಕಾರಿನ ಟೈರಿನ ಪಟ್ಟೆ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದೆಂದು ನಮ್ಮ ನಿಯಮವೇ ಇದೆ. ಮೂರನೆಯದು ಗಾಳಿ. ಎಷ್ಟು ಪೌಂಡ್ ಇರಬೇಕೆಂದು ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಚೀಟಿ ಅಂಟಿಸಿರುತ್ತಾರೆ, ತುಂಬಿದ ಗಾಡಿಗೆ ಬೇರೆ ಲೆಕ್ಕವೂ ಅದರಲ್ಲೇ ಇರುತ್ತದೆ. ತಿಂಗಳಿಗೊಮ್ಮೆ, ದೂರ ಹೊರಡುವ ಮುಂಚೆ ತಪ್ಪದೆ, ಬೆಳಿಗ್ಗೆ ಟೈರು ತಣ್ಣಗಿರುವಾಗ ಹಿಡಿಸಬೇಕು. ಸ್ಟೆಪ್ನಿಯನ್ನು ಮರೆಯಬಾರದು. ಬಾಡಿಗೆ ಗಾಡಿಯಾದರೂ ಇಷ್ಟನ್ನು ಕೇಳಲು ನಮಗೆ ಹಕ್ಕಿದೆ. ಡ್ರೈವರ್ ನಕ್ಕರೆ ನಗಲಿ.

ದುಡ್ಡಿನ ಮಾತನ್ನು ನಾನು ಒಪ್ಪುವುದಿಲ್ಲ. ದೊಡ್ಡ ಗಾಡಿಯ ನಾಲ್ಕು ಒಳ್ಳೆಯ ಟೈರಿಗೆ ಅರ್ಧ ಲಕ್ಷ ದಾಟುತ್ತದೆ ನಿಜ. ಸುಮಾರು ನಲವತ್ತು ಲಕ್ಷದ ಗಾಡಿ ಕೊಂಡವರಿಗೆ, ಅದಕ್ಕೆ ಲಕ್ಷದ ಸ್ಪೀಕರ್ ಕೂಡಿಸುವವರಿಗೆ ಇದು ಭಾರವೆಂದರೆ ಯಾರು ನಂಬುತ್ತಾರೆ? ಅಷ್ಟು ಶಕ್ತಿಯಿಲ್ಲದವರು ಸಣ್ಣ ಗಾಡಿ ಕೊಂಡು ಅದಕ್ಕೆ ಒಳ್ಳೆಯ ಟೈರು ಹಾಕಿಸಲಿ. ಹೊಸ ಟೈರಿನ ಸಣ್ಣ ಕಾರು ಬೋಳು ಟೈರಿನ ಫೋರ್ ವೀಲ್ ಡ್ರೈವಿಗಿಂತ ಸಾವಿರ ಪಾಲು ಮೇಲು. ಹಿಮದ ಮಾಂಟ್ರಿಯಲ್‌ನಲ್ಲಿ ನನ್ನ ಮಗಳಂಥವಳು ಗೆದ್ದ ವಾದವೂ ಇದೇ, ಬಿಸಿಲಿನ ಹಿರಿಯೂರಿನಲ್ಲಿ ನಾವು ಗೆಲ್ಲಬೇಕಾದ ವಾದವೂ ಇದೇ.

ಪೂಜೆ ಬಿಡಿ ಎಂದು ನಾನು ಹೇಳುವುದಿಲ್ಲ. ಈ ಸಲದ ಆಯುಧಪೂಜೆಗೆ ನಿಂಬೆಹಣ್ಣು ಇಡುವ ಕೆಲಸವನ್ನು ನೀವೇ ಕೇಳಿ ಪಡೆದುಕೊಳ್ಳಿ. ಬಗ್ಗಿದಾಗ ಆ ನಾಲ್ಕು ಅಂಕಿಗಳನ್ನೂ ಓದಿ, ದಿಬ್ಬದ ಮೇಲೆ ಬೆರಳಾಡಿಸಿ. ಸರಿಯಿಲ್ಲದಿದ್ದರೆ ಮನೆಯವರನ್ನು ಕರೆದು ಅಲ್ಲೇ ತೋರಿಸಿ, ಹೊಸ ಟೈರು ಬರುವವರೆಗೆ ಆ ಗಾಡಿಯನ್ನು ನೀವೂ ಹತ್ತಬೇಡಿ, ಮಕ್ಕಳನ್ನೂ ಹತ್ತಿಸಬೇಡಿ.